ರೈಲಿನಲ್ಲಿ ಹೃದಯ ನಿಂತರೆ ಮನ್ಮಾಡ್‌ವರೆಗೆ ಕಾಯುವಂತಿಲ್ಲ: ಮೊದಲ ನೆರವು ಸಹಪ್ರಯಾಣಿಕನದ್ದೇ

ಬೆಂಗಳೂರಿನಿಂದ ದೆಹಲಿಗೆ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ದೌಂಡ್, ಅಹಿಲ್ಯಾನಗರ ದಾಟಿ ಮನ್ಮಾಡ್ ಜಂಕ್ಷನ್ ತಲುಪುತ್ತದೆ. ಈ ದಾರಿಯಲ್ಲಿ ಎರಡು ನಿಲ್ದಾಣಗಳ ನಡುವೆ ಪ್ರಯಾಣಿಕರೊಬ್ಬರು ಕುಸಿದು ಬಿದ್ದರೆ ನೆರವಿಗೆ ಬರುವವರು ಯಾರು?

ರೈಲ್ವೆಯಲ್ಲಿ ವ್ಯವಸ್ಥೆ ಇಲ್ಲವೆಂದಲ್ಲ. ಟಿಟಿಇಗೆ ತಿಳಿಸಬಹುದು, 139 ಸಹಾಯವಾಣಿಗೆ ಕರೆ ಮಾಡಿ ಮುಂದಿನ ನಿಲ್ದಾಣದಲ್ಲಿ ವೈದ್ಯಕೀಯ ನೆರವು ಕೋರಬಹುದು. ಟಿಕೆಟ್ ಕಾಯ್ದಿರಿಸುವ ಅರ್ಜಿಯಲ್ಲಿ ವೈದ್ಯರು ಗುರುತು ಹಾಕಲು ಪ್ರತ್ಯೇಕ ಚೌಕವೂ ಇದೆ. ಸಮಸ್ಯೆ ಇರುವುದು ಸಮಯದ್ದು. ಹೃದಯ ಬಡಿತ ನಿಂತ 4ರಿಂದ 6 ನಿಮಿಷಗಳಲ್ಲೇ ಮೆದುಳಿಗೆ ಹಾನಿ ಶುರುವಾಗಬಹುದು. ನಿಲ್ದಾಣ ಅಷ್ಟು ಬೇಗ ಬರುವುದಿಲ್ಲ. ದೊಡ್ಡ ಆಸ್ಪತ್ರೆಗಳಿರುವ ನಾಶಿಕ್ ಮನ್ಮಾಡ್‌ನಿಂದ 70 ಕಿ.ಮೀ.ಗೂ ದೂರ, ಛತ್ರಪತಿ ಸಂಭಾಜಿನಗರ 100 ಕಿ.ಮೀ.ಗೂ ದೂರ.

ಪದಗಳ ಗೊಂದಲವೂ ಅಪಾಯಕಾರಿ. ಹೃದಯಾಘಾತವೆಂದರೆ ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ಸಿಗದಿರುವುದು. ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ, ಬೇಗ ಆಸ್ಪತ್ರೆ ಸೇರಿಸಬೇಕು. ಹೃದಯ ಸ್ತಂಭನವೆಂದರೆ ಬಡಿತವೇ ನಿಲ್ಲುವುದು. ಪ್ರಜ್ಞೆ ಇರದು, ಸಹಜ ಉಸಿರಾಟವೂ ಇರದು. ಆಗ ಬೇಕಿರುವುದು ಸಿಪಿಆರ್.

ರೋಗಿಯನ್ನು ಬರ್ತ್‌ನ ಮೆತ್ತೆಯಿಂದ ಗಟ್ಟಿ ನೆಲಕ್ಕಿಳಿಸಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಬೇಕು. ಸುಸ್ತಾದರೆ ಇನ್ನೊಬ್ಬರು ಮುಂದುವರಿಸಬೇಕು. ಬಾಯಿಗೆ ನೀರು ಹಾಕಲೇಬಾರದು.

ಇದನ್ನು ಕಲಿಯಲು ವೈದ್ಯಕೀಯ ಪದವಿ ಬೇಕಿಲ್ಲ, ಕೆಲವು ಗಂಟೆಗಳ ತರಬೇತಿ ಸಾಕು. ಶಾಲೆ, ಕಾಲೇಜುಗಳಲ್ಲಿ ಪ್ರಥಮ ಚಿಕಿತ್ಸೆ ಕಡ್ಡಾಯ ಪಾಠವಾದರೆ ಪ್ರತಿ ಬೋಗಿಯಲ್ಲೂ ಇದನ್ನು ಬಲ್ಲವರು ಒಬ್ಬರಾದರೂ ಇರುತ್ತಾರೆ.