ಪೋರ್ಷಿಯಾಳ ಕರುಣೆಗೆ ಬೆಲೆ ತೆತ್ತವರು ಯಾರು?

ಶಾಲೆಯಲ್ಲಿ ಇಂಗ್ಲಿಷ್ ಓದಿದವರಿಗೆಲ್ಲ ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ಕೋರ್ಟಿನ ದೃಶ್ಯ ಅಷ್ಟಿಷ್ಟಾದರೂ ನೆನಪಿರುತ್ತದೆ. ಸಾಲ ತೀರಿಸಲಾರದ ವ್ಯಾಪಾರಿ ಆಂಟೋನಿಯೋ, ಕರಾರಿನಂತೆ ಅವನ ಮೈಯ ಒಂದು ಪೌಂಡ್ ಮಾಂಸವೇ ಬೇಕೆಂದು ಚಾಕು ಮಸೆಯುವ ಯಹೂದಿ ಶೈಲಾಕ್, ಗಂಡುವೇಷದಲ್ಲಿ ವಕೀಲಳಾಗಿ ಬಂದು ಕರುಣೆಯನ್ನು ಕುರಿತು ಮಾತನಾಡುವ ಪೋರ್ಷಿಯಾ. ಸಿಲಬಸ್ಸು ಬದಲಾದಂತೆ ಈ ದೃಶ್ಯ ಪಠ್ಯಪುಸ್ತಕಗಳಿಗೆ ಬರುತ್ತದೆ, ಹೋಗುತ್ತದೆ. ಭಾಷಣ ಸ್ಪರ್ಧೆಗಳಲ್ಲಿ ಮಾತ್ರ ಖಾಯಂ. ಆ ಕರುಣೆಯ ಭಾಷಣವನ್ನು ಬಾಯಿಪಾಠ ಒಪ್ಪಿಸಿ ಸ್ಟೀಲಿನ ಡಬ್ಬಿಯನ್ನೋ ತಟ್ಟೆಯನ್ನೋ ಬಹುಮಾನವಾಗಿ ಮನೆಗೆ ತಂದವರು ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರಿರಬಹುದು. ಇಪ್ಪತ್ತೇಳು ವರ್ಷಗಳಿಂದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿರುವ ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನ್ನ ತಕರಾರು ಆ ಭಾಷಣದ ಮೇಲಲ್ಲ, ಅದನ್ನು ನಾವು ಕಲಿಸುವ ಬಗೆಯ ಮೇಲೆ.

ಸ್ಟಾಫ್ ರೂಮಿನಲ್ಲಿ ಈ ಮಾತೆತ್ತಿದರೆ ಸಿದ್ಧ ಉತ್ತರವೊಂದಿದೆ. “ಷೇಕ್ಸ್‌ಪಿಯರ್ ಸಾರ್ವಕಾಲಿಕ ಕವಿ ಮೇಡಂ, ಅವನಿಗೆ ದೇಶಕಾಲದ ಹಂಗೆಲ್ಲಿ?” ಗೈಡುಗಳ ಮೊದಲ ಪುಟದಲ್ಲೂ ಇದೇ ವಾಕ್ಯ, ಈಗ ಮಕ್ಕಳು ಮೊಬೈಲಿನಲ್ಲಿ ನೋಡುವ ಸಾರಾಂಶದ ವಿಡಿಯೋಗಳಲ್ಲೂ ಇದೇ ವಾಕ್ಯ. ಕೇಳುವುದಕ್ಕೆ ದೊಡ್ಡ ಗೌರವದ ಮಾತು. ಆದರೆ ಅದರ ಉಪಯೋಗವೇನು ನೋಡಿ. ನಾಟಕ ಎಲ್ಲ ಕಾಲಕ್ಕೂ ಸಲ್ಲುವುದಾದರೆ ಅದು ಹುಟ್ಟಿದ ಕಾಲವನ್ನು ಓದುವ ತಾಪತ್ರಯ ತಪ್ಪಿತು! ಕಥೆ ಹೇಳು, ಪಾತ್ರಗಳ ಗುಣಸ್ವಭಾವ ಬರೆಸು, ನೀತಿ ತೆಗೆ, ಮುಗಿಯಿತು. ಶೈಲಾಕ್ ಕ್ರೂರಿ, ಆಂಟೋನಿಯೋ ಸಜ್ಜನ, ಪೋರ್ಷಿಯಾ ಕರುಣಾಮಯಿ. ಮಕ್ಕಳು ಕಲಿತದ್ದೇನು? ಒಂದು ಜನಾಂಗದವರು ಹುಟ್ಟಿನಿಂದಲೇ ಜಿಪುಣರು, ಕಟುಕರು ಎಂಬುದನ್ನು. ಹೆಣ್ಣು ಎಷ್ಟೇ ಜಾಣೆಯಾದರೂ ಕೊನೆಗೆ ತನ್ನದೆಲ್ಲವನ್ನೂ ಗಂಡನ ಕೈಗಿಟ್ಟು ನಿಲ್ಲಬೇಕು ಎಂಬುದನ್ನು. ಈ ಎರಡೂ ಸಾರ್ವಕಾಲಿಕ ಸತ್ಯ ಎಂಬ ಮೊಹರು ಬಿದ್ದೇ ಮಕ್ಕಳ ತಲೆಗೆ ಹೋಗುತ್ತವೆ.

ನಾಟಕ ಬರೆದದ್ದು 1596-97ರ ಸುಮಾರಿಗೆ. ಅದನ್ನು ನೋಡಿದ ಲಂಡನ್ನಿನ ಜನ ಎಷ್ಟು ಮಂದಿ ಯಹೂದಿಗಳನ್ನು ಕಂಡಿದ್ದರು? ದೊರೆ ಒಂದನೆಯ ಎಡ್ವರ್ಡ್ 1290ರಲ್ಲಿಯೇ ಆ ಸಮುದಾಯವನ್ನು ಇಡಿಯಾಗಿ ಇಂಗ್ಲೆಂಡಿನಿಂದ ಹೊರದಬ್ಬಿದ್ದ. 1656ರವರೆಗೂ ಅವರು ಅಲ್ಲಿ ಯಹೂದಿಗಳೆಂದು ಹೇಳಿಕೊಂಡು ಬಾಳುವಂತಿರಲಿಲ್ಲ. ಪೋರ್ಚುಗೀಸ್ ಮೂಲದ ಕೆಲವು ಕುಟುಂಬಗಳಷ್ಟೇ ಹೊರಗೆ ಕ್ರೈಸ್ತರಾಗಿ ಲಂಡನ್ನಿನಲ್ಲಿದ್ದವು. ಕಂಡವರಿಗಿಂತ ಕಾಣದವರ ಮೇಲೆ ಕಥೆ ಕಟ್ಟುವುದು ಸುಲಭ. 1594ರಲ್ಲಿ ರಾಣಿ ಎಲಿಜಬೆತ್‌ಳ ವೈದ್ಯನಾಗಿದ್ದ ರೋಡ್ರಿಗೋ ಲೋಪೆಜ್ ಎಂಬ ಯಹೂದಿ ಮೂಲದವನನ್ನು, ರಾಣಿಗೆ ವಿಷವಿಕ್ಕಲು ಸಂಚು ಮಾಡಿದನೆಂದು ಗಲ್ಲಿಗೇರಿಸಿದರು. ಅದೇ ವರ್ಷ ಮಾರ್ಲೋ ಬರೆದಿದ್ದ ‘ಜ್ಯೂ ಆಫ್ ಮಾಲ್ಟಾ’ ನಾಟಕ ಲಂಡನ್ನಿನಲ್ಲಿ ಮತ್ತೆ ಮತ್ತೆ ಪ್ರದರ್ಶನವಾಯಿತು. ಷೇಕ್ಸ್‌ಪಿಯರ್ ಲೇಖನಿ ಹಿಡಿದಾಗ ಗಾಳಿಯಲ್ಲಿದ್ದದ್ದು ಈ ವಾಸನೆ.

ಇನ್ನು ನಾಟಕ ನಡೆಯುವ ವೆನಿಸ್. ಅಲ್ಲಿ ಯಹೂದಿಗಳಿಗೆ ಜಾಗವಿತ್ತು, ಆದರೆ ಎಂಥ ಜಾಗ? 1516ರಲ್ಲಿ ಅವರನ್ನೆಲ್ಲ ನೀರು ಸುತ್ತುವರಿದ ಒಂದು ಕೇರಿಗೆ ಸೇರಿಸಿದರು. ಅದರ ಹೆಸರು ಗೆಟ್ಟೋ. ಆ ಮಾತು ಲೋಕಕ್ಕೆಲ್ಲ ಹಬ್ಬಿದ್ದು ಅಲ್ಲಿಂದಲೇ. ರಾತ್ರಿಯಾದರೆ ಬಾಗಿಲಿಗೆ ಬೀಗ. ಬೀಗ ಹಾಕುವ ಕಾವಲುಗಾರರ ಸಂಬಳವನ್ನೂ ಒಳಗಿದ್ದವರೇ ಕೊಡಬೇಕು. ಹಗಲು ಹೊರಗೆ ಬಂದರೆ ಗುರುತಿಗೆ ಬಣ್ಣದ ಟೊಪ್ಪಿ. ಮನೆ, ಭೂಮಿ ಕೊಳ್ಳುವಂತಿಲ್ಲ, ಹೆಚ್ಚಿನ ಕಸುಬುಗಳಿಗೆ ಸೇರುವಂತಿಲ್ಲ. ಗಿರವಿ, ಬಡ್ಡಿಸಾಲ, ಹಳೆಬಟ್ಟೆ ವ್ಯಾಪಾರ ಮಾಡಬಹುದು. ಬೇರೆ ದಾರಿಗಳನ್ನೆಲ್ಲ ಮುಚ್ಚಿ, ಉಳಿದ ಒಂದೇ ದಾರಿಯಲ್ಲಿ ನಡೆದವನನ್ನು ನೋಡಿ ‘ಇವನ ಸ್ವಭಾವವೇ ಹೀಗೆ’ ಎನ್ನುವುದು! ನಾನು ಇಷ್ಟನ್ನು ಹೇಳುವುದಕ್ಕೆ ಹತ್ತು ನಿಮಿಷ ಸಾಕು. ಕೇರಿ ಎಂದರೇನು, ಊರಾಚೆ ಎಂದರೇನು ಎಂದು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ಬೆಂಚಿನವರೇ ಮೊದಲು ತಲೆ ಎತ್ತುತ್ತಾರೆ.

ಬಡ್ಡಿಯ ವಿಷಯಕ್ಕೆ ಬಂದರೆ ಇಂಗ್ಲೆಂಡಿನ ಕ್ರೈಸ್ತರೇನೂ ಹಾಲಿನಲ್ಲಿ ಮಿಂದವರಲ್ಲ. ನೂರಕ್ಕೆ ಹತ್ತರವರೆಗಿನ ಬಡ್ಡಿಯನ್ನು ಸಹಿಸಿಕೊಳ್ಳುವ ಕಾನೂನು ಅಲ್ಲಿ 1571ರಲ್ಲಿಯೇ ಬಂದಿತ್ತು. ಅದಕ್ಕೆ ಒಂದು ವರ್ಷ ಮೊದಲು ಮಿತಿಮೀರಿದ ಬಡ್ಡಿಗೆ ಸಾಲ ಕೊಟ್ಟ ಆರೋಪ ಹೊತ್ತವರಲ್ಲಿ ಒಬ್ಬ ಯಾರು ಗೊತ್ತೇ? ಜಾನ್ ಷೇಕ್ಸ್‌ಪಿಯರ್, ನಮ್ಮ ಕವಿಯ ತಂದೆ. ಮಗನೂ 1604ರಲ್ಲಿ ಮಾಲ್ಟ್ ಧಾನ್ಯದ ಬಾಕಿ ವಸೂಲಿಗೆ ನೆರೆಯವನೊಬ್ಬನ ಮೇಲೆ ದಾವಾ ಹಾಕಿದವನೇ. ಇದನ್ನು ಹೇಳಿದಾಗ ತರಗತಿಯಲ್ಲಿ ಏಳುವ ನಗು ಕೇಳಬೇಕು. ಕವಿ ಆಗ ಫೋಟೋದಿಂದ ಕೆಳಗಿಳಿದು ಬಂದಿರುತ್ತಾನೆ.

ಇಷ್ಟು ತಿಳಿದ ಮೇಲೆ ಕೋರ್ಟಿನ ದೃಶ್ಯ ಓದಿ. ಕರುಣೆ ತೋರು ಎಂದು ಕೇಳುತ್ತಿರುವುದು ಯಾರನ್ನು? ಅದುವರೆಗೆ ಯಾರಿಂದಲೂ ಕರುಣೆ ಕಾಣದವನನ್ನು. ಆಂಟೋನಿಯೋ ತನ್ನ ಮೇಲೆ ಉಗುಳಿದ್ದನ್ನು, ನಾಯಿ ಎಂದು ಜರೆದದ್ದನ್ನು ಶೈಲಾಕ್ ನಾಟಕದ ಆರಂಭದಲ್ಲೇ ಹೇಳುತ್ತಾನೆ; ಇನ್ನು ಮುಂದೆಯೂ ಉಗುಳುವೆನೆಂದು ಆಂಟೋನಿಯೋ ಅಲ್ಲೇ ಉತ್ತರ ಕೊಡುತ್ತಾನೆ. ಸಜ್ಜನ! ಕೋರ್ಟಿನಲ್ಲಿ ಶೈಲಾಕ್ ಇನ್ನೊಂದು ಪ್ರಶ್ನೆ ಎತ್ತುತ್ತಾನೆ, ನೀವೂ ಗುಲಾಮರನ್ನು ಹಣ ಕೊಟ್ಟು ಕೊಂಡಿದ್ದೀರಲ್ಲ, ಅವರನ್ನು ಬಿಟ್ಟುಕೊಡುತ್ತೀರಾ ಎಂಬ ಅರ್ಥದ್ದು. ನಾನು ಕಂಡ ಯಾವ ಗೈಡಿನಲ್ಲೂ ಈ ಪ್ರಶ್ನೆಗೆ ಜಾಗ ಸಿಕ್ಕಿಲ್ಲ. ಪೋರ್ಷಿಯಾ ಗೆದ್ದ ಮೇಲೆ ಏನಾಗುತ್ತದೆ? ಪರಕೀಯನೊಬ್ಬ ವೆನಿಸ್ಸಿನ ಪ್ರಜೆಯ ಜೀವಕ್ಕೆ ಹೊಂಚಿದರೆ ಅವನ ಆಸ್ತಿ ಹೋಗುತ್ತದೆ ಎಂಬ ಕಾನೂನು ಹೊರಬರುತ್ತದೆ. ಅಲ್ಲೇ ಹುಟ್ಟಿ ಬೆಳೆದರೂ ಅವನು ಪರಕೀಯ. ಕೊನೆಗೆ ಆಂಟೋನಿಯೋ ತೋರುವ ‘ಕರುಣೆ’ಯ ಷರತ್ತೆಂದರೆ, ಶೈಲಾಕ್ ತನ್ನ ಧರ್ಮ ಬಿಟ್ಟು ಕ್ರೈಸ್ತನಾಗಬೇಕು. ಎರಡು ವರ್ಷಗಳ ಹಿಂದೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಮಿಸ್, ಬಯ್ಯಬೇಡಿ. ಇದನ್ನೂ ಕರುಣೆ ಅಂತಾರಾ?” ಕರುಣೆಯ ಭಾಷಣಕ್ಕೆ ಅಂಥ ಕೇಳುಗಳು ಸಿಕ್ಕಿದ್ದು ನನಗೆ ಅದೇ ಮೊದಲು.

ಶೈಲಾಕ್ ಪಾಪದವನು ಎಂದು ನಾನು ಹೇಳುತ್ತಿಲ್ಲ. ಅವನ ಕೈಯಲ್ಲಿರುವುದು ನಿಜವಾದ ಚಾಕು. ತನಗೂ ಉಳಿದವರಂತೆ ದೇಹವಿದೆ, ನೋವಿದೆ ಎಂಬ ಅವನ ಹೆಸರಾಂತ ಮಾತು ಮುಗಿಯುವುದು ಸೇಡಿನಲ್ಲಿ. ಅವನನ್ನು ಕಂಡು ಮರುಗುವವರು ಆ ತುದಿಯನ್ನು ಕತ್ತರಿಸಿ ಓದಿಸುತ್ತಾರೆ, ಅದೂ ಸರಿಯಲ್ಲ. ಆ ಕಾಲವನ್ನು ತಿಳಿಯುವುದು ಒಬ್ಬನನ್ನು ಬಿಡುಗಡೆ ಮಾಡುವುದಕ್ಕಲ್ಲ, ಎಲ್ಲರನ್ನೂ ಕಟಕಟೆಗೆ ಕರೆಯುವುದಕ್ಕೆ.

ಪಕ್ಕದೂರಿನ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಈ ದೃಶ್ಯ ಆಡಿಸಿದ್ದರು. ಶೈಲಾಕನ ಪಾತ್ರವನ್ನು ಯಾರಿಗೆ ಕೊಟ್ಟರೆಂದರೆ, ಪೇಟೆಯಲ್ಲಿ ಗಿರವಿ ಅಂಗಡಿ ಇಟ್ಟ ಮನೆಯ ಹುಡುಗನಿಗೆ. ‘ಹೊಂದುತ್ತದೆ’ ಅಂತೆ! ಜನ ಹೊಟ್ಟೆ ತುಂಬ ನಕ್ಕರು, ಅವನಿಗೆ ಬಹುಮಾನವೂ ಬಂತು. ಆಮೇಲೆ ವರ್ಷವಿಡೀ ಆಟದ ಬಯಲಿನಲ್ಲಿ ಅವನ ಹೆಸರು ಶೈಲಾಕ್. ಹುಡುಗ ಬಿಡುವಿನ ವೇಳೆ ತರಗತಿಯಿಂದ ಹೊರಗೆ ಬರುವುದನ್ನೇ ಬಿಟ್ಟನೆಂದು ಅವನ ತಾಯಿ ಮದುವೆಯೊಂದರಲ್ಲಿ ಸಿಕ್ಕಾಗ ನನಗೆ ಹೇಳಿದರು. ನಾಟಕಕ್ಕೆ ದೇಶಕಾಲದ ಹಂಗಿಲ್ಲ ಎಂದರೆ ಅದು ಹೀಗೆಯೇ ಸಿಕ್ಕಿದವರ ಮೈಮೇಲೆ ಬರುತ್ತದೆ.

ಪೋರ್ಷಿಯಾಳ ಕಡೆ ಬರೋಣ. ಅವಳ ತಂದೆ ಸತ್ತಿದ್ದಾನೆ, ಆದರೂ ಉಯಿಲಿನ ಮೂಲಕ ಮಗಳನ್ನು ಹಿಡಿದಿಟ್ಟಿದ್ದಾನೆ. ಚಿನ್ನ, ಬೆಳ್ಳಿ, ಸೀಸದ ಮೂರು ಪೆಟ್ಟಿಗೆಗಳಲ್ಲಿ ಸರಿಯಾದದ್ದನ್ನು ಆರಿಸಿದವನಿಗೆ ಅವಳು. ಬೇಕು ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ. ಬಸ್ಸಾನಿಯೋ ಗೆದ್ದಾಗ ಅವಳು ತನ್ನ ಮನೆ, ಆಳುಕಾಳು, ತನ್ನನ್ನೂ ಸೇರಿಸಿ ಅವನಿಗೆ ಒಪ್ಪಿಸುತ್ತಾಳೆ. ಗೈಡು ಇದನ್ನು ‘ಆದರ್ಶ ಪತ್ನಿಯ ಸಮರ್ಪಣ ಭಾವ’ ಎನ್ನುತ್ತದೆ. ಅಂದಿನ ಇಂಗ್ಲೆಂಡಿನ ಕಾನೂನು ಏನಿತ್ತು? ಮದುವೆಯಾದ ಗಳಿಗೆಯಿಂದ ಹೆಂಡತಿಯ ಹಣ, ಒಡವೆ, ಸಾಮಾನು ಗಂಡನವು. ಅವಳ ಭೂಮಿಯ ಆಡಳಿತವೂ ಅವನದು. ಅವಳ ಹೆಸರಿನಲ್ಲಿ ಕರಾರಿಲ್ಲ, ದಾವೆಯಿಲ್ಲ. ಹಣವಂತ ತಂದೆಯರು ಟ್ರಸ್ಟು ಮಾಡಿ ಅಷ್ಟಿಷ್ಟು ಉಳಿಸುತ್ತಿದ್ದರು, ಉಳಿದವರಿಗೆ ಅದೂ ಇಲ್ಲ. ಇದು ಸಡಿಲವಾದದ್ದು 1870ರ ಮತ್ತು 1882ರ ಕಾಯಿದೆಗಳಿಂದ. ಪೋರ್ಷಿಯಾ ಆಡಿದ್ದು ಪ್ರೇಮದ ಮಾತು ನಿಜ. ಜೊತೆಗೆ ಅದು ಸಬ್‌ರಿಜಿಸ್ಟ್ರಾರ್ ಕಚೇರಿಯ ಕಾಗದವೂ ಹೌದು.

ಅದಕ್ಕೇ ಅವಳು ಆ ಉಂಗುರ ಕೊಡುವುದು. ಇದನ್ನು ಕಳೆದರೆ, ಮಾರಿದರೆ, ಯಾರಿಗಾದರೂ ಕೊಟ್ಟರೆ ನಿನ್ನ ಪ್ರೀತಿ ಮುಗಿಯಿತೆಂದೇ ಅರ್ಥ ಎಂದು ಷರತ್ತು ಹಾಕಿ ಕೊಡುತ್ತಾಳೆ. ವಕೀಲಳ ವೇಷದಲ್ಲಿ ತಾನೇ ಅದನ್ನು ಅವನಿಂದ ಕಿತ್ತುಕೊಂಡು, ಮನೆಗೆ ಬಂದ ಗಂಡನನ್ನು ಕ್ಷಮೆ ಕೇಳಿಸುತ್ತಾಳೆ. ಗೈಡಿನಲ್ಲಿ ಇದು ‘ಹಾಸ್ಯ ಪ್ರಸಂಗ’. ಕಾನೂನು ಅವಳ ಕೈಯಲ್ಲಿ ಏನೂ ಬಿಡದಿದ್ದಾಗ ಅವಳು ತಾನೇ ಬರೆದುಕೊಂಡ ಕರಾರುಪತ್ರ ಇದು ಎಂದು ನಾನು ಹೇಳುತ್ತೇನೆ. ಶೈಲಾಕನಿಗೊಂದು ಕರಾರು, ಪೋರ್ಷಿಯಾಳಿಗೊಂದು ಕರಾರು. ಈ ಪಾಠದ ದಿನ ಒಬ್ಬಳು ಮೆಲ್ಲಗೆ ಹೇಳಿದಳು: “ನಮ್ಮ ಸೋದರತ್ತೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದೂ ಹೀಗೇ ಮಿಸ್, ನಗುತ್ತಾನೇ ಹಾಕಿದರು.” ಹಿಂದೂ ಕುಟುಂಬಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಹಕ್ಕು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಅತ್ತೆಯ ಸಹಿ ಅದಕ್ಕೂ ಈಚಿನದು.

ಆ ಪಾತ್ರವನ್ನು ಆಡಿದ್ದೂ ಹೆಂಗಸಲ್ಲ. ಇಂಗ್ಲೆಂಡಿನ ಸಾರ್ವಜನಿಕ ರಂಗಭೂಮಿಗೆ ನಟಿಯರು ಬಂದದ್ದು 1660ರಲ್ಲಿ. ಒಬ್ಬ ಹುಡುಗ ಹೆಣ್ಣಾಗಿ, ಆ ಹೆಣ್ಣು ಗಂಡಾಗಿ ಬಂದು ವಾದಿಸಬೇಕಿತ್ತು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ಕರಾವಳಿಯ ಮಕ್ಕಳಿಗೆ ಇದು ಥಟ್ಟನೆ ತಿಳಿಯುತ್ತದೆ.

ಬರೆಯುವ ಹೆಂಗಸರು ಆಗ ಇರಲೇ ಇಲ್ಲವೇ? ಇದ್ದರು. ಎಮಿಲಿಯಾ ಲಾನ್ಯರ್ ಎಂಬಾಕೆ 1611ರಲ್ಲಿ ಲಂಡನ್ನಿನಲ್ಲಿ ತನ್ನ ಕವಿತೆಗಳ ಪುಸ್ತಕ ಅಚ್ಚು ಹಾಕಿಸಿದಳು. ಆದಿಪಾಪದ ಹೊರೆಯನ್ನೆಲ್ಲ ಈವ್‌ಳೊಬ್ಬಳ ತಲೆಗೆ ಕಟ್ಟುವುದು ಯಾವ ನ್ಯಾಯ ಎಂದು ಅದರಲ್ಲಿ ವಾದಿಸಿದಳು. ಎಲಿಜಬೆತ್ ಕೇರಿಯ ‘ಮರಿಯಂ’ ದುರಂತ ನಾಟಕ 1613ರಲ್ಲಿ ಅಚ್ಚಾಯಿತು. ಲಾನ್ಯರಳ ಪುಸ್ತಕ ಬಂದ ಅದೇ 1611ರಲ್ಲಿ ಸ್ಟ್ರಾಟ್‌ಫರ್ಡಿನಲ್ಲಿ ಒಂದು ಪತ್ರಕ್ಕೆ ಸಾಕ್ಷಿ ಹಾಕಬೇಕಾಗಿ ಬಂದ ಷೇಕ್ಸ್‌ಪಿಯರನ ಮಗಳು ಜುಡಿತ್ ಹೆಸರು ಬರೆಯಲಿಲ್ಲ, ಗುರುತು ಹಾಕಿದಳು. ಮೂವತ್ತಕ್ಕೂ ಹೆಚ್ಚು ನಾಟಕಗಳನ್ನು ಬರೆದವನ ಮಗಳು! ಊರಿನ ಗ್ರಾಮರ್ ಶಾಲೆ ಗಂಡುಹುಡುಗರದು. ಈ ಸಂಗತಿ ಹೇಳಿದ ದಿನ ತರಗತಿ ಮೌನವಾಗಿರುತ್ತದೆ. ನಮ್ಮ ಶಾಲೆಯ ಪೋಷಕರ ಸಭೆಗೆ ಬಂದು ಹೆಬ್ಬೆಟ್ಟು ಒತ್ತುವ ತಾಯಂದಿರು ಇನ್ನೂ ಇದ್ದಾರೆ.

ಪದ್ಯಗಳ ಕಥೆಯೂ ಇದೇ. 1609ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ಸುನೀತಗಳಲ್ಲಿ 18ನೆಯದು, ಬೇಸಿಗೆಯ ದಿನಕ್ಕೆ ಹೋಲಿಸುವಂಥದ್ದು, ಪಠ್ಯಗಳಲ್ಲಿ ಆಗಾಗ ಬರುತ್ತದೆ. ಗೈಡಿನ ಪ್ರಕಾರ ಅದು ಪ್ರೇಯಸಿಯ ವರ್ಣನೆ. ಆ ಪುಸ್ತಕದ ಕ್ರಮದಲ್ಲಿ ಅದು ಒಬ್ಬ ತರುಣನನ್ನು ಕುರಿತದ್ದೆಂದೇ ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಇಂಗ್ಲೆಂಡಿನ ಬೇಸಿಗೆ ಹೂ ಬಿಡುವ ಕಾಲ ಎಂದಾದರೂ ಹೇಳಬಾರದೇ? ರಾಯಚೂರಿನ ಮಗು ಏನೆಂದುಕೊಂಡೀತು!

‘ಸಮಯವೆಲ್ಲಿದೆ, ಇದು ಹಿಸ್ಟರಿ ಪೀರಿಯಡ್ ಅಲ್ಲ’ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಗುಣಸ್ವಭಾವದ ನೋಟ್ಸು ಬರೆಸುವುದಕ್ಕೆ ಎರಡು ಪೀರಿಯಡ್ ಸಿಗುತ್ತದಲ್ಲ, ಅದರಲ್ಲಿ ಅರ್ಧ ಕೊಡಿ. ಕುವೆಂಪು ಅವರು ಹ್ಯಾಮ್ಲೆಟ್ಟನ್ನು ‘ರಕ್ತಾಕ್ಷಿ’ಯಾಗಿ ಕನ್ನಡಕ್ಕೆ ತಂದಾಗ ಅದನ್ನು ಗಾಳಿಯಲ್ಲಿ ತೇಲಿಬಿಡಲಿಲ್ಲ, ಬಿದನೂರಿನ ಇತಿಹಾಸದಲ್ಲಿ ನೆಟ್ಟರು. ನಾಟಕಕ್ಕೊಂದು ನೆಲ ಬೇಕೆಂದು ದೊಡ್ಡ ಕವಿಗೆ ಗೊತ್ತಿತ್ತು.

ಇನ್ನೊಂದು ಗುಂಪಿನವರಿದ್ದಾರೆ. ಇಂಥ ನಾಟಕಗಳಲ್ಲಿ ದ್ವೇಷವಿದೆ, ಹೆಣ್ಣಿನ ಹೀನಾಯವಿದೆ, ಪಠ್ಯದಿಂದಲೇ ಕಿತ್ತುಹಾಕಿ ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ. 1943ರಲ್ಲಿ ನಾಜಿಗಳ ಆಳ್ವಿಕೆಯ ವಿಯೆನ್ನಾದಲ್ಲಿ ಇದೇ ನಾಟಕ ಆಡಿದರು. ವೆರ್ನರ್ ಕ್ರೌಸ್ ಎಂಬ ಹೆಸರಾಂತ ನಟ ಶೈಲಾಕನನ್ನು ಅಸಹ್ಯ ಹುಟ್ಟುವಂತೆ ಆಡಿದ. ಅಷ್ಟು ಹೊತ್ತಿಗೆ ಆ ನಗರದ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸಿಯಾಗಿತ್ತು. ಆದರೆ ಅಲ್ಲಿ ಆದದ್ದೇನು? ಪ್ರೇಕ್ಷಕರ ಮುಂದೆ ಶೈಲಾಕನನ್ನಿಟ್ಟರು, ಬೀಗ ಹಾಕಿದ ಕೇರಿಯನ್ನು ಇಡಲಿಲ್ಲ. ನಾಟಕ ಕಿತ್ತುಹಾಕಿದರೆ ಅದನ್ನು ಪ್ರಶ್ನಿಸುವುದು ಹೇಗೆಂದು ಕಲಿಸುವ ಜಾಗವನ್ನೂ ಕಿತ್ತುಹಾಕಿದಂತೆ. ನಾನು ಅದಕ್ಕೂ ಒಪ್ಪುವವಳಲ್ಲ.

ಹೋದ ವರ್ಷ ಹಲವು ಶಾಲೆಗಳಿಗೆ ಸೇರಿ ನಡೆದ ಪರೀಕ್ಷೆಯೊಂದರಲ್ಲಿ ಶೈಲಾಕನ ಗುಣಸ್ವಭಾವ ಬರೆಯಿರಿ ಎಂದು ಐದು ಅಂಕದ ಪ್ರಶ್ನೆ ಬಂತು. ನನ್ನ ವಿದ್ಯಾರ್ಥಿನಿಯೊಬ್ಬಳು ಬಣ್ಣದ ಟೊಪ್ಪಿ, ರಾತ್ರಿಯ ಬೀಗ ಎರಡನ್ನೂ ಬರೆದು, ಇವನ ಗುಣ ಹೇಳುವ ಮೊದಲು ಇವನ ವಿಳಾಸ ಹೇಳಬೇಕು ಎಂದು ಸೇರಿಸಿದ್ದಳು. ಎರಡು ಅಂಕ ಬಂತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಅಪ್ರಸ್ತುತ’ ಎಂದಿತ್ತು. ಮರುಮೌಲ್ಯಮಾಪನಕ್ಕೆ ಅರ್ಜಿಯನ್ನು ಅವಳ ಕೈಯಲ್ಲೇ ಬರೆಸಿದೆ, ಕೆಳಗೆ ಅವಳ ತಾಯಿ ಸಹಿ ಹಾಕಿದರು. ಉತ್ತರ ಇನ್ನೂ ಬಂದಿಲ್ಲ.