ಮತ್ತೆ ನೋಡಲಾರದ ‘ಚೋಮನ ದುಡಿ’

ಒಳ್ಳೆಯ ಚಿತ್ರವನ್ನು ಎಷ್ಟು ಬಾರಿ ನೋಡಿದರೂ ಬೇಸರವಾಗದೆಂದು ನಮ್ಮ ತರಗತಿಯ ಮಿತ್ರರು ವಾದಿಸುವುದುಂಟು. ಈ ಮಾತನ್ನು ನಾನು ಒಪ್ಪಲಾರೆ. ನಾನು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚಿದ ಕನ್ನಡ ಚಿತ್ರವನ್ನು ಒಂದೇ ಬಾರಿ ನೋಡಿದ್ದೇನೆ. ಇನ್ನೊಮ್ಮೆ ನೋಡುವ ಧೈರ್ಯ ನನಗಿಲ್ಲ.

ಶಿವರಾಮ ಕಾರಂತರು 1933ರಲ್ಲಿ ಬರೆದ ‘ಚೋಮನ ದುಡಿ’ಯನ್ನು ಬಿ. ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲ ದೊರೆಯಿತು. ಚೋಮನಾದ ವಾಸುದೇವರಾಯರು ರಾಷ್ಟ್ರದ ಶ್ರೇಷ್ಠ ನಟರೆನಿಸಿದರು. ಚೋಮನಲ್ಲಿ ಒಂದು ಜೊತೆ ಎತ್ತುಗಳಿವೆ, ಉಳಲು ನೆಲವಿಲ್ಲ. ಅವನ ಜಾತಿಯವನು ಬೇಸಾಯಗಾರನಾಗಕೂಡದೆಂಬುದು ಊರಿನ ಕಟ್ಟಳೆ. ಸಾಲ ತೀರಿಸಲೆಂದು ಕಾಫಿ ತೋಟಕ್ಕೆ ಹೋದ ಇಬ್ಬರು ಮಕ್ಕಳಲ್ಲಿ ಒಬ್ಬನು ಸಾಯುತ್ತಾನೆ, ಇನ್ನೊಬ್ಬನು ಮತ ಬದಲಿಸಿ ದೂರವಾಗುತ್ತಾನೆ.

ಈ ಚಿತ್ರದಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಆದರೂ ಇದಕ್ಕಿಂತ ಕ್ರೂರವಾದ ಚಿತ್ರವನ್ನು ನಾನು ಕಂಡಿಲ್ಲ. ಚೋಮನ ಕಿರಿಯ ಮಗ ಹೊಳೆಯಲ್ಲಿ ಮುಳುಗುತ್ತಾನೆ; ಮುಟ್ಟಬಾರದ ಜಾತಿಯವನೆಂದು ಯಾರೂ ಅವನನ್ನು ಎತ್ತುವುದಿಲ್ಲ. ಇಂದಿನ ಹೊಡೆದಾಟದ ಚಿತ್ರಗಳಲ್ಲಿ ನೂರು ಜನ ಸತ್ತರೂ ನಾವು ಸಿಳ್ಳು ಹಾಕುತ್ತೇವೆ (ನಾನೂ ಹಾಕಿದ್ದೇನೆ, ಸುಳ್ಳೇಕೆ ಹೇಳಲಿ?). ಏಕೆಂದರೆ ಅಲ್ಲಿ ನಾವು ಯಾವಾಗಲೂ ಹೊಡೆಯುವವನ ಪಕ್ಷ. ಇಲ್ಲಿ ನಮ್ಮ ಪಾಲಿಗೆ ಬರುವುದು ದಡದ ಮೇಲಿನ ಜಾಗ ಮಾತ್ರ. ಎರಡನೆಯ ಬಾರಿ ನೋಡುವವನಿಗೆ ಹುಡುಗ ಮುಳುಗುವುದು ಮೊದಲೇ ಗೊತ್ತು. ಗೊತ್ತಿದ್ದೂ ಕುಳಿತು ನೋಡಬೇಕು.

ಚಿತ್ರ ಬರುವುದಕ್ಕೆ ಒಂದು ವರ್ಷ ಮೊದಲು, 1974ರಲ್ಲಿ, ಗೇಣಿದಾರನಿಗೇ ಭೂಮಿ ಸಲ್ಲಬೇಕೆಂಬ ಕಾಯಿದೆ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದಿತ್ತು. ಆದರೆ ಚೋಮನು ಗೇಣಿದಾರನಲ್ಲ, ಆಳು. ನಮ್ಮ ತಾತನೂ ಆಳೇ. ಅರ್ಜಿ ಹಾಕಲು ಅವರಲ್ಲಿ ಗೇಣಿಚೀಟಿಯಾದರೂ ಎಲ್ಲಿತ್ತು?

ಮರಳೂರಿನ ನಮ್ಮ ಮನೆಯಲ್ಲಿ ಈ ಚಿತ್ರವನ್ನು ಅಪ್ಪನೊಡನೆ ಮೊಬೈಲಿನಲ್ಲಿ ನೋಡಿದೆ. ಅಪ್ಪ ಇಂದಿಗೂ ಬೇರೆಯವರ ತೋಟದಲ್ಲಿ ಕಾಯಿ ಸುಲಿಯುವವರು. ಹೊಳೆಯ ದೃಶ್ಯ ಬಂದೊಡನೆ, “ನೀನು ನೋಡ್ಕೊಳಪ್ಪ” ಎಂದು ಎದ್ದು ಹೊರಗೆ ಹೋದರು. ಕಡೆಯಲ್ಲಿ ಚೋಮನು ಬಾಗಿಲು ಹಾಕಿಕೊಂಡು ಸಾಯುವವರೆಗೆ ದುಡಿ ಬಾರಿಸುವುದನ್ನು ನಾನೊಬ್ಬನೇ ನೋಡಿದೆ. ಆ ಸದ್ದು ಹೊರಗೂ ಕೇಳಿಸಿರಬೇಕು.

ಈ ಲೇಖನಕ್ಕಾಗಿ ಇನ್ನೊಮ್ಮೆ ನೋಡೆಂದು ಅಧ್ಯಾಪಕರೊಬ್ಬರು ಸಲಹೆಯಿತ್ತರು. ಹಚ್ಚಿದೆ, ಹೊಳೆ ಬರುವ ಮೊದಲೇ ನಿಲ್ಲಿಸಿದೆ. ಇದನ್ನು ಚಿತ್ರದ ಕುಂದೆಂದು ಯಾರೂ ಎಣಿಸಬಾರದು.

ಮಾರನೆಯ ದಿನ ಬೆಳಗ್ಗೆ ಕೆಲಸಕ್ಕೆ ಹೊರಟ ಅಪ್ಪ ಕೇಳಿದ್ದು ಒಂದೇ ಮಾತು:

“ಎತ್ತು ಏನಾದ್ವೋ?”

“ಕಾಡಿಗೆ ಅಟ್ಟಿಬಿಟ್ಟ, ಅಪ್ಪ.”

“ಒಳ್ಳೇದ್ ಮಾಡ್ದ” ಎಂದು ಟವೆಲು ಹೆಗಲಿಗೆ ಹಾಕಿಕೊಂಡು ನಡೆದರು.