ತಾಳೆ ನೋಡುವ ಕಸುಬು

ಕಚೇರಿಯಲ್ಲಿ ನಕಲನ್ನು ಮೂಲದೊಡನೆ ತಾಳೆ ನೋಡುವುದೇ ನಮ್ಮ ಹೊಟ್ಟೆಪಾಡು. ಒಬ್ಬರು ಓದಬೇಕು, ಇನ್ನೊಬ್ಬರು ಗುರುತು ಹಾಕಬೇಕು. ಇದೇ ಕಸುಬನ್ನು ಯಂತ್ರವೂ ಮಾಡಬಲ್ಲದೆಂದು ಮೊನ್ನೆಯ ಭಾನುವಾರ ಬೊರಿವಲಿಯ ನಮ್ಮ ನೆರೆಮನೆಯಲ್ಲಿ ಕಂಡೆವು.

ಆ ಮನೆಯ ಹುಡುಗ ಈ ಪತ್ರಿಕೆಯ ವಿಳಾಸದ ಪಟ್ಟಿಗಾಗಿ ಪೈಥಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದಾನೆ. ಯಾವ ಊರಿಗೆ ಎಷ್ಟು ಪ್ರತಿಗಳ ಕಟ್ಟು ಎಂಬುದನ್ನು ಅದು ಮುದ್ರಿಸುತ್ತದೆ.

"ಪರದೆಯ ಮೇಲೆ ಬಂದುದನ್ನು ನಾವು ಓದಿ ನೋಡೋಣವೇ?" ಎಂದೆವು.

"ಬ್ಯಾಡ ಕಾಕಾ, ಕಣ್ಣು ಮೋಸ ಮಾಡ್ತದ" ಎಂದ.

ನಲ್ಲಿಯ ಕೆಳಗೆ ಬಿಂದಿಗೆ ಹಿಡಿಯುವಂತೆ, ಪರದೆಗೆ ಹರಿಯಬೇಕಾದ ಅಕ್ಷರಗಳಿಗೆ ಅವನು ಸ್ಟ್ರಿಂಗ್‌ಐಒ ಎಂಬ ಪಾತ್ರೆ ಹಿಡಿಯುತ್ತಾನೆ. ಪರೀಕ್ಷೆ ಮುಗಿದೊಡನೆ ಹರಿವನ್ನು ಮತ್ತೆ ಪರದೆಗೇ ತಿರುಗಿಸುವ ಏರ್ಪಾಡು 2014ರ ಪೈಥಾನ್ 3.4ರಿಂದ ಆ ಭಾಷೆಯಲ್ಲಿಯೇ ಇದೆಯಂತೆ. ಪಾತ್ರೆಯಲ್ಲಿ ಬಿದ್ದುದನ್ನು, ಮೊದಲೇ ಬರೆದಿಟ್ಟ ಉತ್ತರದೊಡನೆ ಯಂತ್ರವೇ ತಾಳೆ ನೋಡುತ್ತದೆ. ಸಾಲಿನ ಕೊನೆಯ ಕಾಣದ ಗುರುತೊಂದು ತಪ್ಪಿದರೂ ಅದು ಬಿಡುವುದಿಲ್ಲ!

ಅಂದು ಪರೀಕ್ಷೆಗೆಂದು ಪಟ್ಟಿಯಿಂದ ಮೂರು ಮನೆ ಕೊಟ್ಟಿದ್ದ. 'ಬೊರಿವಲಿ 3' ಎಂದು ಬರಬೇಕಿತ್ತು. ಬಂದದ್ದು 'ಬೊರಿವಲಿ 2', ಅದರ ಕೆಳಗೆ ಮತ್ತೆ 'ಬೊರಿವಲಿ 1'! ನಾವು ಕನ್ನಡಕ ಒರೆಸಿ ನೋಡಿದೆವು. ಎರಡು ಹೆಸರಿಗೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ.

ಹುಡುಗ ಎಣಿಸಿದ. ಒಂದರಲ್ಲಿ 7 ಸಂಕೇತ, ಇನ್ನೊಂದರಲ್ಲಿ 8. ಮೊದಲನೆಯ 'ಬೊ'ದಲ್ಲಿ ಒಕಾರದ ಒಂದೇ ಚಿಹ್ನೆ. ಎರಡನೆಯದರಲ್ಲಿ ಎಕಾರದ ಚಿಹ್ನೆ, ಅದಕ್ಕಂಟಿ ಊಕಾರದ ಚಿಹ್ನೆ. ಯೂನಿಕೋಡ್ ನಿಯಮದಂತೆ ಎರಡೂ ಸಮಾನವೇ. ಆದರೆ ಸಂಕೇತಕ್ಕೆ ಸಂಕೇತ ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಊರು.

"ಹೋಗಲಿ, ಅದು ಬರೆದದ್ದನ್ನೇ ನಿನ್ನ ಉತ್ತರಕ್ಕೆ ನಕಲಿಸಿಬಿಡು, ತಾಳೆಯಾಗುತ್ತದೆ" ಎಂದು ಕಚೇರಿಯ ಬುದ್ಧಿ ಹೇಳಿದೆವು.

"ಅಂದ್ರ ನಕಲನ್ನ ನಕಲಿನ ಜೋಡಿ ತಾಳೆ ನೋಡಿದಂಗ ಆತು ಕಾಕಾ. ಕಟ್ಟು ಒಯ್ಯಾವ್ರು ಮೊದಲನೇದು ಒಯ್ತಾರ. ಎರಡನೇ ಕಟ್ಟಿನ ಮನಿ ಉಪವಾಸ."

ನಾವು ನಾಚಿದೆವು. ಊರು ಬಿಟ್ಟು ಬಂದವರ ಮನೆಗಳಲ್ಲಿ ಮೂರು ತಿಂಗಳಿಗೊಮ್ಮೆ ಬರುವ ಈ ಪುಟಗಳಿಗಾಗಿ ಕಾಯುವ ಹಿರಿಯರಿದ್ದಾರೆ. ಪತ್ರಿಕೆ ಬಾರದಿದ್ದರೆ ಅವರು ದೂರು ಬರೆಯುವುದಿಲ್ಲ. ನಮ್ಮನ್ನು ಮರೆತರೆಂದು ಸುಮ್ಮನಾಗುತ್ತಾರೆ.

ಹುಡುಗ ಉತ್ತರವನ್ನು ಮುಟ್ಟಲಿಲ್ಲ. ಪ್ರೋಗ್ರಾಂ ಹೆಸರುಗಳನ್ನು ಓದಿಕೊಳ್ಳುವಾಗಲೇ ಎಲ್ಲವನ್ನೂ ಒಂದೇ ರೂಪಕ್ಕೆ ತರುವಂತೆ ತಿದ್ದಿದ. 'ಬೊರಿವಲಿ 3' ಬಂತು, ತಾಳೆಯಾಯಿತು.

ಅಂದಹಾಗೆ, ಆ ಎಂಟು ಸಂಕೇತದ ಬೊರಿವಲಿಯನ್ನು ಬೆರಳಚ್ಚು ಮಾಡಿದವರು ಯಾರೆಂದು ವಾಚಕರು ಕೇಳಬಾರದು. ಆ ಒಂದು ಮನೆ ನಮ್ಮದೇ.